ಉಮ್ಮ, ಮದಾಮ್ಮ, ನಮ್ಮವ್ವ

ಕೇರಳದ ಸುಲ್ತಾನ್ ಬತ್ತೇರಿಯಲ್ಲಿ ಹದಿನಾಲ್ಕು ವರ್ಷದಿಂದ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದೇನೆ. ಎದುರಿಗೆ ನಿಂತವರ ತೋಳು, ಸೊಂಟ, ಎತ್ತರವನ್ನು ಟೇಪು ಹಿಡಿಯದೆಯೇ ಹೇಳಬಲ್ಲೆ, ಅರ್ಧ ಇಂಚು ತಪ್ಪುವುದಿಲ್ಲ. ಆದರೆ ಇವರು ಇಂಥವರು ಎಂದು ನೋಡಿದ ಕೂಡಲೇ ಅಂದುಕೊಂಡದ್ದು ಮಾತ್ರ ಒಂದು ಸಲವೂ ಸರಿಹೋಗಿಲ್ಲ. ಇಂಥ ಎಡವಟ್ಟು ನನಗೊಬ್ಬಳಿಗೇ ಯಾಕೆ ಆಗುತ್ತದೋ ಎಂದು ಮೊದಮೊದಲು ಚಿಂತೆಯಾಗುತ್ತಿತ್ತು. ಎಲ್ಲರಿಗೂ ಆಗುತ್ತದೆ, ಬೇರೆಯವರು ಹೇಳಿಕೊಳ್ಳುವುದಿಲ್ಲ ಅಷ್ಟೇ ಎಂದು ಈಗ ಗೊತ್ತಾಗಿದೆ.

ತಲೆಯ ಮೇಲಿನ ಸೆರಗು

ನಾನು ಗುಂಡ್ಲುಪೇಟೆ ಕಡೆಯವಳು. ಗಂಡನಿಗೆ ಬತ್ತೇರಿ ಮಾರುಕಟ್ಟೆಯಲ್ಲಿ ತರಕಾರಿ ವ್ಯಾಪಾರ. ಮದುವೆಯಾಗಿ ಇಲ್ಲಿಗೆ ಬಂದ ಕೆಲವು ವರ್ಷಕ್ಕೆ ನಾನೂ ಒಂದು ಅಂಗಡಿ ಹಾಕುವುದೆಂದಾಯಿತು. ಸಿಕ್ಕ ಮಳಿಗೆ ಒಬ್ಬ ಮುಸ್ಲಿಂ ಹೆಂಗಸಿನದು. ಗಂಡ ತೀರಿಕೊಂಡ ಮೇಲೆ ಮಳಿಗೆ, ಮೆಣಸಿನ ತೋಟ ಎಲ್ಲವನ್ನೂ ಅವರೇ ನೋಡಿಕೊಳ್ಳುತ್ತಿದ್ದರು. ಬೀದಿಯವರೆಲ್ಲ ಅವರನ್ನು ಉಮ್ಮ ಎಂದು ಕರೆಯುತ್ತಿದ್ದರು, ಅಂದರೆ ಅಮ್ಮ.

ಸುದ್ದಿಯನ್ನು ಫೋನಿನಲ್ಲಿ ಕೇಳಿದ್ದೇ ನಮ್ಮವ್ವನಿಗೆ ಗಾಬರಿ. ಅವರ ಹೆಂಗಸರು ಹೊಸಿಲು ದಾಟುವುದಿಲ್ಲ, ಗಂಡಸರೆದುರು ಬಾಯಿ ತೆರೆಯುವುದಿಲ್ಲ, ಅವರ ಕಟ್ಟಡದಲ್ಲಿ ನೀನು ಬರಿದಲೆಯಲ್ಲಿ ಕೂತರೆ ಎರಡೇ ದಿನಕ್ಕೆ ಎಬ್ಬಿಸುತ್ತಾರೆ ಎಂದಳು. ಅವ್ವನ ಬೀದಿಯಲ್ಲಿ ಒಂದು ಮುಸ್ಲಿಂ ಮನೆಯೂ ಇರಲಿಲ್ಲ. ಆದರೂ ಅವಳು ಹೇಳಿದ ರೀತಿ ನೋಡಿದರೆ ಅವರ ಜೊತೆಯಲ್ಲೇ ಸಂಸಾರ ಮಾಡಿದವಳ ಹಾಗಿತ್ತು. ಬೀಗದ ಕೈ ಈಸಿಕೊಳ್ಳಲು ಹೋದ ದಿನ ನಾನು ಸೆರಗನ್ನು ಹಣೆಯವರೆಗೆ ಎಳೆದು, ಎರಡೂ ಕಿವಿ ಮುಚ್ಚುವಂತೆ ಬಿಗಿದು ಗಂಟು ಹಾಕಿಕೊಂಡು ನಿಂತೆ.

ಉಮ್ಮ ಜೀಪನ್ನು ತಾವೇ ಓಡಿಸಿಕೊಂಡು ಬಂದರು. ದಾರಿಗೆ ಅಡ್ಡ ನಿಲ್ಲಿಸಿದ್ದ ಲಾರಿಯ ಡ್ರೈವರನ್ನು ಬೈದು, ಲಾರಿ ತೆಗೆಸಿ, ಆಮೇಲೆ ಇಳಿದರು. ಅವರ ತಲೆಯ ಮೇಲೂ ಒಂದು ಬಿಳಿ ಬಟ್ಟೆ ಇತ್ತು, ಆದರೆ ಹಗುರಾಗಿ, ಬೀಳುವುದಾದರೆ ಬೀಳಲಿ ಎನ್ನುವ ಹಾಗೆ. ನನ್ನನ್ನು ಸ್ವಲ್ಪ ಹೊತ್ತು ನೋಡಿ, "ಪಾಪ, ಚೆವಿ ನೋವಾ ಮೋಳೇ?" ಎಂದರು. ಕಿವಿಗೆ ಮಲಯಾಳದಲ್ಲಿ ಚೆವಿ, ಮಗಳೇ ಎನ್ನಲು ಮೋಳೇ. ಮಿಕ್ಕದ್ದೆಲ್ಲ ಕನ್ನಡ. ಅವರ ಗಂಡ ಶುಂಠಿ ಬೆಳೆಯಲು ನಮ್ಮ ಕಡೆ ಜಮೀನು ಗುತ್ತಿಗೆ ಹಿಡಿದಿದ್ದಾಗ ಎಂಟು ವರ್ಷ ಅಲ್ಲೇ ಇದ್ದು ಕಲಿತ ಕನ್ನಡ ಅದು.

ನಿಜ ಹೇಳಲು ನಾಚಿಕೆಯಾಗಿ ಹೌದು ಎಂದು ತಲೆಯಾಡಿಸಿದೆ. ಬೆಳ್ಳುಳ್ಳಿ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆ ಅರ್ಧ ಗಂಟೆಯಲ್ಲಿ ಬಂತು. ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ ಎರಡೂ ಕಿವಿಗೆ ಬಿಟ್ಟು, ಹತ್ತಿ ತುರುಕಿದರು. ಆಮೇಲೆ ಮಳಿಗೆಯ ಕರಾರುಗಳನ್ನೆಲ್ಲ ಒಂದೊಂದಾಗಿ ಹೇಳಿದರಂತೆ. ಹತ್ತಿಯ ದೆಸೆಯಿಂದ ನನಗೆ ಒಂದೂ ಕೇಳಿಸಲಿಲ್ಲ.

ಮುಟ್ಟು

ನನ್ನ ಅಂಗಡಿ ಮಹಡಿಯ ಮೇಲಿದೆ. ಅಂಗಡಿ ಹಾಕಿದ ಹೊಸತರಲ್ಲಿ ಒಂದು ದಿನ ಉಮ್ಮ ಕೆಳಗೆ ಬೀದಿಯಲ್ಲೇ ನಿಂತು ಕೂಗಿದರು. ಮೇಲೆ ಬನ್ನಿ ಎಂದೆ. ಆಗಲ್ಲ ಮೋಳೇ, ಮುಟ್ಟು, ತುಂಬಾ ನೋವು ಎಂದರು.

ಮೆಟ್ಟಿಲ ಮೇಲೆ ನಾನು ಕಲ್ಲಾಗಿ ನಿಂತೆ. ಅವರಿಗೆ ಆಗಲೇ ಅರವತ್ತರ ಹತ್ತಿರ. ಅದನ್ನು ಹತ್ತು ಜನ ಓಡಾಡುವ ಬೀದಿಯಲ್ಲಿ ಅಷ್ಟು ಗಟ್ಟಿಯಾಗಿ ಬೇರೆ ಹೇಳುತ್ತಿದ್ದಾರೆ. ಇವರ ಹೆಂಗಸರ ಮೈಯೇ ಬೇರೆ ಇರಬೇಕು, ಮಾಂಸ ತಿಂದು ಬೆಳೆದದ್ದು, ಅರವತ್ತಾದರೂ ನಿಲ್ಲುವುದಿಲ್ಲವೇನೋ ಎಂದು ನನಗೆ ನಾನೇ ತೀರ್ಮಾನ ಮಾಡಿಕೊಂಡೆ. ಕೆಳಗಿಳಿದು ಹೋಗಿ ಅವರ ಕಿವಿಯ ಹತ್ತಿರ ಪಿಸುಮಾತಿನಲ್ಲಿ, ಎಷ್ಟು ದಿನ ಆಯಿತು ಉಮ್ಮ ಎಂದು ಕೇಳಿದೆ.

"ದಿನವಾ? ಹತ್ತು ವರ್ಷ ಆಯ್ತು," ಎಂದರು.

ಡಾಕ್ಟರಿಗೆ ತೋರಿಸಿದಿರಾ ಎಂದೆ. ತೋರಿಸಿದ್ದರಂತೆ. ಡಾಕ್ಟರು ಎಕ್ಸ್‌ರೇ ತೆಗೆದು, ಜೀಪಿನ ಕ್ಲಚ್ ತುಳಿಯುವುದು ಬಿಡಿ ಎಂದಿದ್ದರಂತೆ. ಇದಕ್ಕೂ ಕ್ಲಚ್ಚಿಗೂ ಏನು ಸಂಬಂಧ ಎಂದು ನಾನು ಒದ್ದಾಡುತ್ತಿದ್ದಾಗ ಅವರು ಬಗ್ಗಿ ಮಂಡಿ ನೀವಿಕೊಂಡರು. ಮಲಯಾಳದಲ್ಲಿ ಮುಟ್ಟು ಅಂದರೆ ಮಂಡಿ ಎಂದು ನನಗೆ ತಿಳಿದದ್ದು ಆಗ. ಕನ್ನಡದಲ್ಲಿ ಅದು ಏನೆಂದು ನಾನು ಹೇಳಿದಾಗ ಉಮ್ಮ ಮೆಟ್ಟಿಲ ಮೇಲೆ ಕುಸಿದು ಕೂತು ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ನಗು ನಿಂತ ಮೇಲೆ ಏನೋ ನೆನಪಾಗಿ ಅವರ ಮುಖ ಸಣ್ಣಗಾಯಿತು.

"ಶುಂಠಿ ಹೊಲದ ಗೌಡರು ಕರೆದಾಗೆಲ್ಲ, ನನಗೆ ಮುಟ್ಟು, ಅಷ್ಟು ದೂರ ಬರೋಕಾಗಲ್ಲ ಅಂತ ಹೇಳ್ತಿದ್ದೆ ಮೋಳೇ. ಅದಕ್ಕೇ ಆ ಮನುಷ್ಯ ಯಾವಾಗಲೂ ನೆಲ ನೋಡಿಕೊಂಡು ಮಾತಾಡ್ತಿದ್ದದ್ದು."

ಎರಡು ಪೊಟ್ಟಣ

ಮೂರು ವರ್ಷದ ಕೆಳಗೆ ಉಮ್ಮನ ಮನೆಯ ಹೊರಗಿನ ಕೋಣೆಗೆ ಜರ್ಮನಿಯ ಒಬ್ಬ ಹೆಂಗಸು ಬಾಡಿಗೆಗೆ ಬಂದಳು. ಬಿಳಿ ಹೆಂಗಸರಿಗೆ ಇಲ್ಲಿ ಮದಾಮ್ಮ ಎನ್ನುತ್ತಾರೆ, ಅದೇ ಅವಳ ಹೆಸರಾಯಿತು. ಗದ್ದೆಯ ಕಪ್ಪೆಗಳನ್ನು ಅಧ್ಯಯನ ಮಾಡುವುದು ಅವಳ ಕೆಲಸ. ಅವಳು ಬರುವ ಮೊದಲೇ ಮಾರುಕಟ್ಟೆಯಲ್ಲಿ ಅವಳ ಚರಿತ್ರೆ ತಯಾರಾಗಿತ್ತು. ತುಂಡು ಚಡ್ಡಿಯಲ್ಲಿ ತಿರುಗುತ್ತಾಳೆ, ಸಂಜೆಯಾದರೆ ಕುಡಿಯುತ್ತಾಳೆ, ವರ್ಷಕ್ಕೊಬ್ಬ ಗಂಡ.

ಬಂದ ಎರಡನೇ ವಾರ ಮದಾಮ್ಮ ನನ್ನಂಗಡಿಗೆ ಬಂದು ಬಟ್ಟೆ ಹೊಲಿಸಲು ಕೊಟ್ಟಳು. ಕುತ್ತಿಗೆ ಮುಚ್ಚುವ ಕಾಲರು, ಮಣಿಕಟ್ಟಿನವರೆಗೆ ತೋಳು, ಪಾದದವರೆಗೆ ಉದ್ದ. ಸೊಳ್ಳೆ, ಜಿಗಣೆ, ಬಿಸಿಲು ಯಾವುದೂ ಒಳಗೆ ಬರಬಾರದು ಎಂದು ಕೈಸನ್ನೆಯಲ್ಲಿ ತೋರಿಸಿದಳು. ಅದೇ ವಾರ ಉಮ್ಮನ ಮೊಮ್ಮಗಳು, ಕಾಲೇಜಿಗೆ ಹೋಗುವವಳು, ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿ ಅದರಂತೆಯೇ ಬೇಕೆಂದಳು. ತೋಳಿಲ್ಲ, ಬೆನ್ನು ತೆರೆದದ್ದು, ಸುತ್ತಲೂ ಚಿನ್ನದ ಲೇಸು. ಅವಳ ಅಕ್ಕನ ಮದುವೆಯ ಮೈಲಾಂಜಿಗೆ, ಅಂದರೆ ಮೆಹಂದಿ ಶಾಸ್ತ್ರಕ್ಕೆ. ಅಲ್ಲಿ ಹೆಂಗಸರು ಮಾತ್ರ ಸೇರುವುದು. ಉಮ್ಮನೇ ಪಕ್ಕದಲ್ಲಿ ನಿಂತು, ಲೇಸು ಇನ್ನೊಂದು ಸುತ್ತು ಇರಲಿ ಎಂದರು.

ಬಟ್ಟೆ ಒಯ್ಯಲು ಬರುವ ದಿನ ನನಗೆ ಊರಿಗೆ ಹೋಗಬೇಕಾಯಿತು. ಗಂಡನನ್ನು ಅಂಗಡಿಯಲ್ಲಿ ಕೂರಿಸಿದೆ. ಮದಾಮ್ಮ, ಮೊಮ್ಮಗಳು ಇಬ್ಬರೂ ಹೆಚ್ಚುಕಡಿಮೆ ಒಂದೇ ಎತ್ತರ, ಒಂದೇ ಮೈಕಟ್ಟು. ಪೊಟ್ಟಣದ ಮೇಲೆ ಹೆಸರು ಬರೆಯಲು ಮರೆತಿದ್ದೆ. ನಮ್ಮವರು ಎರಡನ್ನೂ ಬಿಚ್ಚಿ ನೋಡಿ, ಯಾರದ್ದು ಯಾವುದೆಂದು ಯೋಚಿಸಿ, ಕೊಟ್ಟು ಕಳಿಸಿದರು. ನಾನು ವಾಪಸು ಬಂದಾಗ, ಹೆಸರಿಲ್ಲದಿದ್ದರೂ ಸರಿಯಾಗಿ ಹಂಚಿದೆ ಎಂದು ಬೀಗುತ್ತಿದ್ದರು.

ಮದಾಮ್ಮ ಪಾಪ, ಇದು ಈ ಊರಿನ ಮರ್ಯಾದೆ ಇರಬೇಕು, ಬೇಡ ಎಂದರೆ ನೊಂದುಕೊಳ್ಳುತ್ತಾರೆ ಎಂದುಕೊಂಡು, ಚಿನ್ನದ ಲೇಸಿನ ಉಡುಪು ತೊಟ್ಟು, ಗಂಬೂಟು ಹಾಕಿಕೊಂಡು ಗದ್ದೆಗೆ ಇಳಿದಿದ್ದಳು. ಬೆನ್ನಿನ ತುಂಬ ಜಿಗಣೆ ಹತ್ತಿಸಿಕೊಂಡು ಬಂದಳು. ಮೊಮ್ಮಗಳು ಮಾರನೇ ದಿನ ಬೆಳಿಗ್ಗೆ ಬಂದು ಕಾಲರಿನ ಉಡುಪನ್ನು ನನ್ನ ಮೇಜಿನ ಮೇಲಿಟ್ಟಳು.

"ಆಂಟಿ, ನಾನು ಮೈಲಾಂಜಿಗೆ ಅಂದಿದ್ದೆ. ನೀವು ಹಜ್ಜಿಗೆ ಅಂದ್ಕೊಂಡ್ರಾ?"

ಸಂಜೆಯ ಫೋನು

ಉಮ್ಮನ ಮನೆ ತಗ್ಗಿನಲ್ಲಿದೆ, ಅಲ್ಲಿ ಫೋನು ಸಿಗುವುದಿಲ್ಲ. ಹಾಗಾಗಿ ಮದಾಮ್ಮ ದಿನಾ ಸಂಜೆ ನನ್ನ ಅಂಗಡಿಗೆ ಬಂದು ಕಿಟಕಿಯ ಬಳಿ ಕೂತು ಊರಿಗೆ ವಿಡಿಯೋ ಕಾಲ್ ಮಾಡುತ್ತಿದ್ದಳು. ಆ ಕಡೆ ಹತ್ತಿಯಂಥ ಕೂದಲಿನ ಮುದುಕಿ, ಅವಳ ಅಮ್ಮ. ಆ ದೇಶದಲ್ಲಿ ಮಕ್ಕಳಿಗೆ ಹದಿನೆಂಟಾದರೆ ಅವರ ದಾರಿ ಅವರದು, ಆಮೇಲೆ ತಾಯಿ ಯಾರೋ ಮಗಳು ಯಾರೋ ಎಂದು ನನಗೆ ಎಲ್ಲರೂ ಹೇಳಿದ್ದರು. ಈ ಮುದುಕಿ ಮಾತ್ರ ಮಗಳು ಮೇಲಿಂದ ಕೆಳಗೆ ಫೋನು ಹಿಡಿದು ಮೈಯೆಲ್ಲ ತೋರಿಸುವವರೆಗೆ ಬಿಡುತ್ತಿರಲಿಲ್ಲ. ಒಂದು ದಿನ ಹಣೆಯ ಮೇಲೆ ಸೊಳ್ಳೆ ಕಚ್ಚಿದ ಗುರುತು ಕಂಡು ಆ ತಾಯಿ ಅತ್ತೇ ಬಿಟ್ಟರು.

ಆ ಹೊತ್ತಿಗೆ ಉಮ್ಮ ಮಂಡಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಹತ್ತಿ ಮೇಲೆ ಬಂದಿದ್ದರು. ಅಳು ನೋಡಿ ತಡೆಯಲಾಗದೆ ಫೋನು ಕಿತ್ತುಕೊಂಡರು. ಆ ಕಡೆಯಿಂದ ಜರ್ಮನ್, ಈ ಕಡೆಯಿಂದ ಮಲಯಾಳ. ಕಾಲು ಗಂಟೆ ಇಬ್ಬರೂ ಜೋರುಜೋರಾಗಿ ಮಾತಾಡಿದರು, ಕೊನೆಗೆ ಇಬ್ಬರೂ ಕಣ್ಣೊರೆಸಿಕೊಂಡರು. ಫೋನು ಇಟ್ಟ ಮೇಲೆ, ಏನಂತೆ ಉಮ್ಮ ಎಂದು ಕೇಳಿದೆ.

ಮಗಳು ಸೊರಗಿದ್ದಾಳೆ, ನೀವು ಹೊಟ್ಟೆಗೆ ಸರಿಯಾಗಿ ಹಾಕುತ್ತಿಲ್ಲ ಎಂದು ನನ್ನನ್ನು ಬೈದರು ಎಂದರು. ಅಷ್ಟರಲ್ಲಿ ಮಲಯಾಳ, ಕನ್ನಡ ಎರಡನ್ನೂ ಅಷ್ಟಿಷ್ಟು ಕಲಿತಿದ್ದ ಮದಾಮ್ಮನಿಗೆ ಆಶ್ಚರ್ಯ. ಅಮ್ಮ ಹೇಳಿದ್ದು ಅದೇ. ನಿಮಗೆ ಜರ್ಮನ್ ಹೇಗೆ ಗೊತ್ತು ಎಂದಳು.

"ಗೊತ್ತಿಲ್ಲ," ಎಂದರು ಉಮ್ಮ. "ನಾನು ನನ್ನ ಮಗಳ ಅತ್ತೆಗೆ ಫೋನ್ ಮಾಡಿ ಬೈಯೋದೂ ಇದೇ ರಾಗದಲ್ಲಿ."

ಅವ್ವನ ಕಣ್ಣು

ಕಳೆದ ವರ್ಷ ನಮ್ಮವ್ವನ ಎರಡು ಕಣ್ಣಿಗೂ ಪೊರೆ ಬಂತು. ಎದುರಿಗೆ ಬಂದವರು ಅವಳಿಗೆ ಬರೀ ನೆರಳು. ಆಪರೇಷನ್ನಿಗೆಂದು ಬತ್ತೇರಿಗೆ ಕರೆತಂದರೆ, ಸಕ್ಕರೆ ಕಾಯಿಲೆ ಹತೋಟಿಗೆ ಬರಲಿ, ಹನ್ನೆರಡು ದಿನ ಕಾಯಿರಿ ಎಂದರು ಡಾಕ್ಟರು. ನನಗೆ ಮದುವೆ ಕಾಲದ ಹೊಲಿಗೆ ಕುತ್ತಿಗೆಯವರೆಗೆ ಬಂದಿತ್ತು. ಹಗಲು ಅವಳನ್ನು ಒಬ್ಬಳೇ ಬಿಡುವಂತಿರಲಿಲ್ಲ. ನನ್ನ ಮನೆಗೆ ಕಳಿಸು ಎಂದರು ಉಮ್ಮ. ದಿನಾ ಬೆಳಿಗ್ಗೆ ಅವರೇ ಜೀಪಿನಲ್ಲಿ ಕರೆದೊಯ್ದು ಸಂಜೆ ತಂದು ಬಿಡುವುದೆಂದಾಯಿತು.

ಅವ್ವ ಮಾಂಸ ಮುಟ್ಟುವವಳಲ್ಲ, ಮುಸ್ಲಿಮರ ಮನೆಯಲ್ಲಿ ನೀರನ್ನೂ ಕುಡಿದವಳಲ್ಲ. ನಾನು ಅವಳಿಗೆ, ಗೊತ್ತಿರುವ ಒಬ್ಬ ಅಮ್ಮನ ಮನೆ, ಕನ್ನಡ ಬರುತ್ತದೆ ಎಂದಷ್ಟೇ ಹೇಳಿದೆ. ಉಮ್ಮನಿಗೆ ಇದು ಸರಿಬರಲಿಲ್ಲ. ಮುಚ್ಚಿಟ್ಟು ಅನ್ನ ಹಾಕಿಸಬೇಡ ಮೋಳೇ, ಹೇಳಿಬಿಡು ಎಂದರು. ನಾಳೆ ಹೇಳುತ್ತೇನೆ ಎಂದೆ. ದಿನಾ ನಾಳೆ ಎಂದೆ. ಉಮ್ಮ ಮಾತ್ರ ಅವ್ವನಿಗೆಂದು ಹೊಸ ಪಾತ್ರೆ ತಂದರು. ಅಷ್ಟು ದಿನವೂ ಆ ಮನೆಯ ಅಡುಗೆಮನೆಗೆ ಮೀನು ಬರಲಿಲ್ಲ.

ಸಂಜೆ ಮನೆಗೆ ಬಂದ ಅವ್ವನ ಬಾಯಲ್ಲಿ ಆ ಮನೆಯದೇ ಮಾತು. ಎಂಥ ಸೊಪ್ಪಿನ ಸಾರು, ಎಂಥ ಶುದ್ಧ, ದೇವರ ಧ್ಯಾನಕ್ಕೆ ಮೊದಲು ಕೈಕಾಲು ತೊಳೆಯದೆ ಕೂರುವುದಿಲ್ಲ, ನೀನೂ ನೋಡಿ ಕಲಿ ಎನ್ನುವಳು. ನಾನು ತಲೆ ತಗ್ಗಿಸಿ ಅವಳ ತಟ್ಟೆಗೆ ಅನ್ನ ಬಡಿಸುತ್ತಿದ್ದೆ.

ಒಂದು ಕಣ್ಣಿನ ಆಪರೇಷನ್ ಆಯಿತು. ಮಾರನೇ ಬೆಳಿಗ್ಗೆ ಪಟ್ಟಿ ಬಿಚ್ಚುವಾಗ ಉಮ್ಮ, ಮೊಮ್ಮಗಳು, ಮದಾಮ್ಮ ಎಲ್ಲರೂ ಬಂದಿದ್ದರು. ಅವ್ವ ಮೊದಲು ನೋಡಿದ್ದು ಉಮ್ಮನನ್ನು. ತಲೆಯ ಬಟ್ಟೆಯನ್ನು, ಮುಖವನ್ನು, ಮತ್ತೆ ತಲೆಯ ಬಟ್ಟೆಯನ್ನು ನೋಡಿದಳು. ಉಮ್ಮ ಕೈ ಕಟ್ಟಿಕೊಂಡು ತಪ್ಪು ಮಾಡಿದವರ ಹಾಗೆ ನಿಂತಿದ್ದರು. ಅವ್ವಾ, ನಾನು ಮೊದಲೇ ಹೇಳಬೇಕಿತ್ತು ಎಂದು ಶುರುಮಾಡಿದೆ.

"ಏನು ಹೇಳೋದು? ದಿನಾ ಮಧ್ಯಾಹ್ನ ನನ್ನ ಪಕ್ಕದಲ್ಲೇ ನಮಾಜು ಮಾಡೋರು. ನನಗೆ ಹೋಗಿದ್ದು ಕಣ್ಣು, ಕಿವಿಯಲ್ಲ." ಅವ್ವ ಉಮ್ಮನ ಕೈ ಹಿಡಿದು ತನ್ನ ಹಾಸಿಗೆಯ ಮೇಲೆ ಕೂರಿಸಿಕೊಂಡಳು. "ಗೊತ್ತು ಅಂದಿದ್ರೆ ನೀನು ಆ ಮನೆ ಬಿಡಿಸಿ ನಿನ್ನ ಕೈಯಡುಗೆ ತಿನ್ನಿಸ್ತಿದ್ದೆ. ಅದಕ್ಕೇ ಸುಮ್ಮನಿದ್ದೆ."

ಉಮ್ಮ ಅಳುತ್ತಾ ನಕ್ಕರು. ನಾನು ಬರೀ ಅತ್ತೆ. ಆಗ ಅವ್ವನ ಕಣ್ಣು ಮದಾಮ್ಮನ ಮೇಲೆ ಬಿತ್ತು. ಇವಳ್ಯಾರು ಎಂದಳು. ದಿನಾ ಬೆಳಿಗ್ಗೆ ನಿನ್ನ ತಲೆ ಬಾಚುತ್ತಿದ್ದವಳು ಇವಳೇ ಎಂದೆ.

ಅವ್ವ ಬಾಯಿಗೆ ಕೈ ಇಟ್ಟುಕೊಂಡಳು. ತಲೆ ಬಾಚುವ ಹುಡುಗಿ ಒಂದೊಂದೇ ಪದವನ್ನು ತಡವರಿಸಿ ಆಡುವುದು ಕೇಳಿ, ಪಾಪ, ಈ ಮನೆಯ ಹುಡುಗಿಗೆ ಮಾತು ಸರಿಯಾಗಿ ಬಂದಿಲ್ಲ ಎಂದುಕೊಂಡಿದ್ದಳಂತೆ. ಎಳೆ ಮಕ್ಕಳಿಗೆ ಮಾತು ಬರಲೆಂದು ತೇಯ್ದು ನೆಕ್ಕಿಸುವ ಬಜೆಯ ಬೇರು ಅವಳ ಚೀಲದಲ್ಲಿ ಯಾವಾಗಲೂ ಇರುತ್ತದೆ. ಅದನ್ನು ಹನ್ನೆರಡು ದಿನವೂ ಕಲ್ಲಿನ ಮೇಲೆ ತೇಯ್ದು, ಹುಡುಗಿಯ ಗಲ್ಲ ಹಿಡಿದು, ಬೆರಳಿನಿಂದ ನಾಲಗೆಗೆ ಹಚ್ಚಿದ್ದಳು.

ಮೊಮ್ಮಗಳು ಇದನ್ನು ಇಂಗ್ಲಿಷಿನಲ್ಲಿ ತಿಳಿಸಿದಾಗ ಮದಾಮ್ಮ ಕೆಂಪಗಾಗಿ ಚೀಲದಿಂದ ತನ್ನ ಕಪ್ಪೆಯ ನೋಟ್‌ಬುಕ್ ತೆಗೆದಳು. ಅದರ ಒಂದು ಪುಟದಲ್ಲಿ ಬರೆದದ್ದನ್ನು ಮೊಮ್ಮಗಳು ನಮಗೆ ಓದಿ ಹೇಳಿದಳು: ಕನ್ನಡಿಗರು ಅತಿಥಿಗಳಿಗೆ ಪ್ರತಿದಿನ ಬೆಳಿಗ್ಗೆ ಕಹಿ ಬೇರು ನೆಕ್ಕಿಸಿ ಗೌರವಿಸುತ್ತಾರೆ, ಉಗುಳಬಾರದು.

ವಾರ್ಡಿನಲ್ಲಿದ್ದವರೆಲ್ಲ ನಗುತ್ತಿದ್ದರು. ಮದಾಮ್ಮ ಹತ್ತಿರ ಬಂದು ಅವ್ವನ ಕೈ ಹಿಡಿದು, ಒಂದು ಪದಕ್ಕೂ ತಡವರಿಸದೆ, "ಅಜ್ಜೀ, ಈಗ ನಾನು ಚೆನ್ನಾಗಿ ಕಾಣ್ತೀನಾ?" ಎಂದು ಕನ್ನಡದಲ್ಲಿ ಕೇಳಿದಳು.

ಅವ್ವ ತೃಪ್ತಿಯಿಂದ ನನ್ನ ಕಡೆ ತಿರುಗಿದಳು.

"ನೋಡ್ದಾ? ಬಜೆ ಹಿಡಿದಿದೆ."