ಎರವಲು ಬೂಟಿನ ಮೇಲೆ ನೀರಿನ ಕಲೆ

ಪಾದರಕ್ಷೆಗಳ ವಿಷಯದಲ್ಲಿ ನಾನು ಮೊದಲಿನಿಂದಲೂ ಚಪ್ಪಲಿ ಪಂಥದವನು. ಚಪ್ಪಲಿ ಹಾಕುವುದು ಸುಲಭ, ಬಿಡುವುದು ಸುಲಭ, ಕಳೆದುಹೋದರೆ ದುಃಖವೂ ಅಗ್ಗ. ಬೂಟಿಗಾದರೆ ಕಾಲುಚೀಲ ಬೇಕು, ಲೇಸು ಬೇಕು, ಬಗ್ಗುವುದಕ್ಕೆ ಸೊಂಟ ಬೇಕು. ಇಷ್ಟೆಲ್ಲ ತಿಳಿದವನು ಐವತ್ತೆರಡನೆಯ ವಯಸ್ಸಿನಲ್ಲಿ ಬೂಟು ಹಾಕಿಕೊಂಡೆ, ಅದೂ ಇನ್ನೊಬ್ಬರದು. ಗೊಳಸಂಗಿಯ ಹತ್ತಿರದ ಒಂದು ಶಾಲೆಯವರು ವಾರ್ಷಿಕೋತ್ಸವಕ್ಕೆ ನನ್ನನ್ನು ಮುಖ್ಯ ಅತಿಥಿಯಾಗಿ ಕರೆದಿದ್ದರು. ನಾನು ಸಿಂದಗಿಯಲ್ಲಿ ಹೈಸ್ಕೂಲಿನ ಕನ್ನಡ ಮಾಸ್ತರ. ಅಂಥ ಕರೆ ಬಂದದ್ದು ಅದೇ ಮೊದಲು. ನಿಜವಾಗಿ ಬರಬೇಕಾಗಿದ್ದವರಿಗೆ ಜ್ವರ ಎಂಬುದು ಆಮೇಲೆ ತಿಳಿಯಿತು.

"ಈ ಚಪ್ಪಲ್ಯಾಗ ಸ್ಟೇಜ್ ಮ್ಯಾಲೆ ಕುಂದ್ರಾವ್ರೇನು?" ಎಂದಳು ಹೆಂಡತಿ. ಮಾತು ಗೋಡೆಯಾಚೆಗೂ ಕೇಳಿಸಿರಬೇಕು. ಪಕ್ಕದ ಮನೆಯ ದಸ್ತಗೀರ ಸಾಹೇಬರು ನಮ್ಮ ಶಾಲೆಯಲ್ಲೇ ಗಣಿತ ಕಲಿಸುವವರು. ಬರುವ ಐತವಾರದ ಮಗಳ ನಿಶ್ಚಿತಾರ್ಥಕ್ಕೆಂದು ತಂದಿಟ್ಟಿದ್ದ ಕಂದು ಚರ್ಮದ ಹೊಸ ಬೂಟನ್ನು ಡಬ್ಬಿಯ ಸಮೇತ ಹಿಡಿದುಕೊಂಡು ಬಂದರು. "ನಂದೂ ಎಂಟು ನಂಬರ್, ನಿಮ್ದೂ ಎಂಟು. ಸ್ವಲ್ಪ ಬಿಗಿ ಅದಾವ್ರಿ. ನೀವು ಒಂದಿನ ಹಾಕ್ಕೊಂಡ್ರ ಸಡಲಾಗ್ತಾವ. ಐತವಾರ ನನಗ ಆರಾಮ." ಯಾರು ಯಾರಿಗೆ ಉಪಕಾರ ಮಾಡಿದರೋ, ಬೂಟಂತೂ ನನ್ನ ಕಾಲಿಗೇರಿತು.

ಭಾಷಣ ಮುಗಿದ ಮೇಲೆ ಅಲ್ಲಿಯ ಹೆಡ್‌ಮಾಸ್ತರರ ಮನೆಯಲ್ಲಿ ಊಟ. ಬಾಗಿಲಲ್ಲಿ ಅವರ ತಾಯಿ ಕಾಲಿಗೆ ನೀರು ಕೊಟ್ಟರು. ಮುಖ್ಯ ಅತಿಥಿಯ ಗೌರವಕ್ಕೆ ತಕ್ಕಂತೆ ಚರಿಗೆಯಲ್ಲ, ಬಕೆಟ್ಟು. ನಾನು ಬೂಟು ಕಳಚಿ ಪಕ್ಕಕ್ಕಿಟ್ಟೆ. ಪಕ್ಕಕ್ಕೆ ಎಂದರೆ ಸರಿಯಾಗಿ ನೀರು ಹರಿದುಹೋಗುವ ದಿಕ್ಕಿಗೆ. ಬೋರಿನ ಸವಳು ನೀರು ಅದು. ಬಸ್ಸು ಸಿಂದಗಿ ಮುಟ್ಟುವ ಹೊತ್ತಿಗೆ ಬೂಟು ಒಣಗಿ, ಎರಡರ ಮೂತಿಯ ಮೇಲೂ ಸುಣ್ಣದಲ್ಲಿ ಗೆರೆ ಎಳೆದಂತೆ ಬಿಳಿ ಅಂಚಿನ ಕಲೆ ಎದ್ದಿತ್ತು. ಐತವಾರಕ್ಕೆ ಐದೇ ದಿನ ಉಳಿದಿದ್ದವು.

ಮೊಬೈಲು ವಿನೆಗರ್ ಎಂದಿತು. ಮನೆಯಲ್ಲಿ ಅದಿರಲಿಲ್ಲ. "ಹುಳಿ ಅಂದಮ್ಯಾಲೆ ಹುಳಿನ, ತಗೋರಿ" ಎಂದು ಹೆಂಡತಿ ಅರ್ಧ ನಿಂಬೆಹಣ್ಣು ಕೊಟ್ಟಳು. ತಿಕ್ಕಿದೆ. ಕಲೆ ಹೋಗಲಿಲ್ಲ, ಅದರ ಪಕ್ಕದ ಬಣ್ಣ ಹೋಯಿತು. ಅಷ್ಟರಲ್ಲಿ ಗೋಡೆಯಾಚೆಯಿಂದ ಸಾಹೇಬರ ದನಿ: "ಮಾಸ್ತರ, ಬೂಟು ಸಡಲಾದ್ವೇನ್ರಿ?"

"ಇನ್ನೂ ಆಗಾಕತ್ತಾವ್ರಿ!" ಎಂದೆ.

ಮರುದಿನ ಬಸ್ ಸ್ಟ್ಯಾಂಡಿನ ಎದುರು ಚಪ್ಪಲಿ ಹೊಲಿಯುವ ಯಲ್ಲವ್ವನ ಮುಂದೆ ಚೀಲ ಬಿಚ್ಚಿದೆ. ಆಕೆ ಬೂಟನ್ನು ಬೆಳಕಿಗೆ ಹಿಡಿದು ನೋಡಿ, "ಪೂರಾ ತೋಯಿಸಬೇಕ್ರಿ" ಎಂದಳು.

"ನೀರಿಂದನ ಈ ಕಲಿ ಆಗೈತಿ, ಯಲ್ಲವ್ವ."

"ಅದಕ್ಕನ ಹೇಳೂದು. ಅರ್ಧ ತೋಯ್ದದ್ದಕ್ಕ ಗೆರಿ ಕಾಣ್ತೈತಿ. ಎಲ್ಲಾ ಕಡಿ ಒಂದಸವನ ತೋಯ್ದ್ರ ಗೆರಿ ಎಲ್ಲಿ ಕುಂದ್ರತೈತಿ?"

ಹಿಮ್ಮಡಿಯಿಂದ ಮೂತಿಯವರೆಗೆ ಒದ್ದೆ ಬಟ್ಟೆಯಿಂದ ಸಮನಾಗಿ ಒರೆಸಿದಳು. ಒಳಗೆ ಹಳೆಯ ಪೇಪರು ತುರುಕಿ, ಎರಡು ದಿನ ನೆರಳಲ್ಲೇ ಒಣಗಿಸಿ, ಮೂರನೆಯ ದಿನ ಪಾಲಿಶ್ ಹಚ್ಚಿದಳು. ಕಲೆಯೂ ಹೋಯಿತು, ನಿಂಬೆಹಣ್ಣಿನ ಅನಾಹುತವೂ ಅಡಗಿತು. ನಾನು ಶನಿವಾರ ಉಸಿರಾಡಿದೆ.

"ಹೊಸಾವಿದ್ದಾಗಿನಕಿಂತ ಛಲೋ ಕಾಣ್ತಾವಲ್ರಿ! ಯಾರು ಮಾಡಿದ್ರು?" ಸಾಹೇಬರು ಬೂಟನ್ನು ತಿರುಗಿಸಿ ತಿರುಗಿಸಿ ನೋಡಿದರು. ಯಲ್ಲವ್ವನ ಹೆಸರು ಹೇಳಿದರೆ ಕಲೆಯ ಕಥೆಯನ್ನೂ ಹೇಳಬೇಕು. "ನಾನ ಮಾಡಿದೆ, ಮನ್ಯಾಗ" ಎಂದುಬಿಟ್ಟೆ. ಸುಳ್ಳು ಹೇಳಬಾರದೆಂದು ಮಕ್ಕಳಿಂದ ನೂರು ಸಲ ಬರೆಸಿದ ಮಾಸ್ತರ ನಾನೇ.

ನಿಶ್ಚಿತಾರ್ಥದಲ್ಲಿ ಸಾಹೇಬರು ಬೀಗರಿಗೆ ಬೂಟು ತೋರಿಸಿ, "ಇದು ನಮ್ಮ ಮಾಸ್ತರ ಕೈಗುಣ" ಎಂದು ಹೊಗಳಿದರು. ಸೋಮವಾರ ಬೆಳಿಗ್ಗೆ, ಇಂಡಿಯಿಂದ ಬಂದು ಉಳಿದಿದ್ದ ಬೀಗರ ಬೂಟು ನನ್ನ ಮನೆಯ ಕಟ್ಟೆಯ ಮೇಲಿತ್ತು. ಬುಧವಾರ ನಮ್ಮ ಶಾಲೆಯ ಹೆಡ್‌ಮಾಸ್ತರರದು ಬಂತು. ಒಂದೊಂದನ್ನೂ ಚೀಲದಲ್ಲಿ ಮುಚ್ಚಿಕೊಂಡು ಒಯ್ದೆ. ಮೂರನೆಯ ಜೋಡಿ ಚೀಲದಿಂದ ಹೊರಬಂದಾಗ ಯಲ್ಲವ್ವ ಸೂಜಿ ಕೆಳಗಿಟ್ಟು ಒಮ್ಮೆ ಬೂಟಿನ ಅಳತೆ, ಒಮ್ಮೆ ನನ್ನ ಕಾಲು ನೋಡಿದಳು.

"ಒಂದು ಮಾತು ಹೇಳ್ತೇನಿ, ಸಿಟ್ಟಾಗಬ್ಯಾಡ್ರಿ ಮಾಸ್ತರ. ಹಿಂಗ ಎಷ್ಟು ಮಂದಿ ಕಡಿಂದ ಬೂಟು ಇಸ್ಕೊಂಡು ತಿರಗ್ತೀರಿ? ಒಂದು ಜೋಡು ಸ್ವಂತದ್ದು ತಗೋರಿ."

ನಿಜ ಹೇಳುವುದಕ್ಕಿಂತ ಈ ಅಪವಾದವೇ ಹಗುರವೆನಿಸಿ, "ತಗೋತೇನವ್ವ" ಎಂದು ತಲೆಯಾಡಿಸಿದೆ.