ಎಮ್ಮೆಯ ಸಿನಿಮಾಕ್ಕೆ ಪ್ರೇಕ್ಷಕರು ಬೇಕಾಗಿದ್ದಾರೆ

ಓದುಗರಿಗೆ ಏನು ಬೇಕು ಎಂಬುದನ್ನು ಪತ್ರಿಕಾ ಕಚೇರಿಯಲ್ಲಿ ಕೂತವರಷ್ಟು ಖಚಿತವಾಗಿ ಬಲ್ಲವರು ಬೇರೆ ಯಾರೂ ಇಲ್ಲ. ಈ ಜ್ಞಾನ ನಮಗೆ ಬಂದದ್ದು ಓದುಗರನ್ನು ಕೇಳಿ ಅಲ್ಲ, ಕೇಳದೇ ಇದ್ದುದರಿಂದ. ಬೆಳಗಾವಿಯ ಒಂದು ಕನ್ನಡ ದಿನಪತ್ರಿಕೆಯಲ್ಲಿ ಉಪಸಂಪಾದಕನಾಗಿದ್ದ ನಾನು, ‘ಇದನ್ನು ಜನ ಓದುವುದಿಲ್ಲ’ ಎನ್ನುತ್ತ ಕೆಂಪು ಪೆನ್ಸಿಲಿನಿಂದ ಸಾಲುಗಳನ್ನು ಹೊಡೆದುಹಾಕುತ್ತಲೇ ಯೌವನ ಕಳೆದವನು. ಒಬ್ಬ ಓದುಗನೂ ಬಂದು ‘ಯಾಕೆ ಹೊಡೆದಿರಿ’ ಎಂದು ಕೇಳಲಿಲ್ಲ. ಹೊಡೆದ ಸಾಲು ಅವರಿಗೆ ಕಾಣುವ ಸಂಭವವೇ ಇರಲಿಲ್ಲ ಎಂಬುದನ್ನು ಬಿಟ್ಟರೆ, ನನ್ನ ತೀರ್ಮಾನಕ್ಕೆ ಇದಕ್ಕಿಂತ ದೊಡ್ಡ ಜನಬೆಂಬಲ ಏನು ಬೇಕು?

ಎಂಬತ್ತರ ದಶಕದ ಆರಂಭದಲ್ಲಿ ನನ್ನ ಅಕ್ಕನ ಮಗ ಪ್ರಕಾಶ ಗಡ್ಡ ಬಿಟ್ಟುಕೊಂಡು ಟಿಳಕವಾಡಿಯ ನಮ್ಮ ಮನೆಗೆ ಬಂದ. ಅವನು ಪರವೂರಿನಲ್ಲಿ ಸಿನಿಮಾ ಮಾಡುವುದನ್ನು ಕಲಿಯುತ್ತಿದ್ದ. ಗಡ್ಡ ಆ ಶಿಕ್ಷಣದ ಮೊದಲ ಪಾಠವಿರಬೇಕು. ಕಲಿಕೆಯ ಕೊನೆಗೆ ಒಂದು ಕಿರುಚಿತ್ರ ತೆಗೆಯಬೇಕಿತ್ತು. ಕಥೆ ಸರಳ. ಲೋಂಡಾದ ಕಾಡಿನಲ್ಲಿ ಒಂದು ಎಮ್ಮೆ ಕಳೆದುಹೋಗುತ್ತದೆ, ಒಡೆಯ ಹುಡುಕುತ್ತಾನೆ, ಎಮ್ಮೆ ಸಿಗುತ್ತದೆ. ಚಿತ್ರದಲ್ಲಿ ಮಾತಿಲ್ಲ. “ಎಮ್ಮಿ ಮಾತಾಡೂದಿಲ್ಲ, ಖರೇ. ಆ ಮನಷ್ಯಾಗ ಏನಾಗೇತಿ?” ಎಂದು ಅಕ್ಕ ಕೇಳಿದ್ದಳಂತೆ. ಅವನ ಗುರುಗಳು ಇನ್ನೂ ಕಠಿಣವಾದದ್ದನ್ನು ಕೇಳಿದ್ದರು: ಇದನ್ನು ನೋಡುವವರು ಯಾರು? ಊರಿಗೆ ಹೋಗಿ, ಜನರನ್ನು ವಿಚಾರಿಸಿ, ಉತ್ತರ ತಂದರೆ ಮಾತ್ರ ಕ್ಯಾಮೆರಾಕ್ಕೆ ರೀಲು. ರೀಲಿಲ್ಲದಿದ್ದರೆ ಚಿತ್ರವಿಲ್ಲ, ಚಿತ್ರವಿಲ್ಲದಿದ್ದರೆ ಪಾಸಿಲ್ಲ. ಪಾಸಾಗದಿದ್ದರೆ ಅವನು ಅಪ್ಪನ ಸಿಮೆಂಟು ಅಂಗಡಿಯಲ್ಲಿ ಕೂಡಬೇಕು. ಅಪ್ಪ ಆಗಲೇ ಕುರ್ಚಿ ಒರೆಸಿ ಇಟ್ಟಿದ್ದರು.

“ಮಾಮಾ, ನಿಮಗ ಮಂದಿ ಗೊತ್ತಲ್ಲಾ,” ಎಂದ. ಇಂಥ ಮಾತು ಕೇಳಿಯೂ ‘ಇಲ್ಲ’ ಎನ್ನುವ ಪತ್ರಕರ್ತನನ್ನು ನಾನು ಕಂಡಿಲ್ಲ.

ಮೊದಲು ಪಕ್ಕದ ಮನೆಯ ನಿವೃತ್ತ ಹೆಡ್‌ಮಾಸ್ತರರಾದ ಕುಲಕರ್ಣಿಯವರಲ್ಲಿಗೆ ಹೋದೆವು. ಅವರು ಕಣ್ಣು ಮುಚ್ಚಿ ಕಥೆ ಕೇಳಿ, “ಛಲೋ ಐತಿ,” ಎಂದರು.

“ಹಂಗಾರ ನೀವು ನೋಡ್ತೀರೇನ್ರಿ?” ಎಂದ ಪ್ರಕಾಶ.

“ನಾ ಯಾಕ ನೋಡ್ಲೋ ತಮ್ಮಾ? ಎಮ್ಮಿ ಕಟ್ಟಿದವರು ನೋಡ್ತಾರ. ಖಾನಾಪುರದ ಕಡೆ ಹೋಗ್ರಿ.”

ಖಾನಾಪುರದ ಬಸ್ಸು ಹತ್ತಿದೆವು. ಬಾಜೂಕ್ಕೆ ಕೂತಿದ್ದ ಪಾರಿಶ್ವಾಡದ ರೈತನಿಗೆ ಪ್ರಕಾಶ ಅದೇ ಕಥೆ ಹೇಳಿದ. ಆತ ಮರುಕದಿಂದ ನೋಡಿದ. “ಹಗಲೆಲ್ಲಾ ಎಮ್ಮಿ ನೋಡಿ, ಸಂಜೀಕ ರೊಕ್ಕಾ ಕೊಟ್ಟು ಮತ್ತ ಎಮ್ಮೀನ ನೋಡ್ಲೇನ್ರಿ? ಬೆಳಗಾಂವ ಮಂದಿ ನೋಡ್ತಾರ ತಗೋರಿ. ಅವರು ಬರೇ ಹಾಲ ಅಷ್ಟ ನೋಡ್ಯಾರ.” ಹೀಗೆ ನಮ್ಮ ಸಂಶೋಧನೆಯ ಪ್ರಕಾರ ಬೆಳಗಾವಿಯವರು ಹೇಳಿದ ಪ್ರೇಕ್ಷಕ ಖಾನಾಪುರದಲ್ಲಿದ್ದ, ಖಾನಾಪುರದ ಕಡೆಯವರು ಹೇಳಿದವನು ಬೆಳಗಾವಿಯಲ್ಲಿದ್ದ. ನಡುವೆ ಓಡಾಡುತ್ತಿದ್ದವರು ನಾವಿಬ್ಬರೇ.

ಖಾನಾಪುರದ ಬಸ್ ಸ್ಟ್ಯಾಂಡಿನೆದುರು ಗೌಸಸಾಬರ ಚಹಾದಂಗಡಿ ತುಂಬಿತ್ತು. ಕಥೆ ಹೇಳಿ ಕೆಟ್ಟೆವು, ಕ್ರಮಬದ್ಧವಾಗಿ ಕೇಳೋಣವೆಂದು ನಾನು ಪೆನ್ಸಿಲು ತೆಗೆದು, “ಇಲ್ಲಿ ಯಾವ ಭಾಷೆಯ ಸಿನಿಮಾ ಹೆಚ್ಚು ನೋಡ್ತೀರಿ?” ಎಂದೆ. ಬಸಿಯಲ್ಲಿ ಸುರಿದುಕೊಂಡ ಚಹಾ ಬಾಯಿಯವರೆಗೆ ಹೋಗಿ ಅಲ್ಲೇ ನಿಂತಿತು. ಈ ಸೀಮೆ ಕನ್ನಡದ್ದೋ ಮರಾಠಿಯದ್ದೋ, ಯಾವ ರಾಜ್ಯಕ್ಕೆ ಸೇರಬೇಕೆಂಬ ವಾದ ನಡೆದೇ ಇದ್ದ ಕಾಲ ಅದು. ಅಂಥ ಊರಿನಲ್ಲಿ ಪೆನ್ಸಿಲು ಹಿಡಿದು ಭಾಷೆ ಕೇಳುವವನನ್ನು ಸಿನಿಮಾದವನೆಂದು ನಂಬುವಷ್ಟು ದಡ್ಡರು ಅಲ್ಲಿರಲಿಲ್ಲ. ತಲೆಗೆ ಪಟಕಾ ಸುತ್ತಿದ ಒಬ್ಬ ಹಿರಿಯರು ಎದ್ದು ನಿಂತು, ಕೋರ್ಟಿನಲ್ಲಿ ಸಾಕ್ಷಿ ಹೇಳುವವರಂತೆ, “ಎರಡೂ ನೋಡ್ತೀವ್ರಿ ಸಾಹೇಬ್ರ. ಸರೀಸಮಾ ನೋಡ್ತೀವಿ. ಹಂಗ ಬರ್ಕೋರಿ,” ಎಂದರು.

“ಹಿಂದೀನೂ ಹಾಕ್ರಿ,” ಎಂದರು ಗೌಸಸಾಬರು. “ಇಲ್ಲಾಂದ್ರ ನಾವಷ್ಟ ಹೊರಗ ಉಳೀತೀವಿ.”

ಪ್ರಕಾಶ ಗಾಬರಿಯಾಗಿ, ನಾವು ಸರಕಾರದವರಲ್ಲವೆಂದು ಆಣೆ ಮಾಡಿ, ಎಮ್ಮೆಯ ಕಥೆಯನ್ನೇ ಮತ್ತೆ ಹೇಳಿದ. ಮಾತಿಲ್ಲ ಎಂದೊಡನೆ ಹಿರಿಯರು ಕೂತರು.

“ಒಂದೂ ಮಾತಿಲ್ಲಾ?”

“ಇಲ್ರಿ ಅಜ್ಜಾರ.”

“ಇತ್ತಾಗಿಂದೂ ಇಲ್ಲಾ, ಅತ್ತಾಗಿಂದೂ ಇಲ್ಲಾ?”

“ಎತ್ತಾಗಿಂದೂ ಇಲ್ರಿ.”

“ಹಂಗಾರ ಇಲ್ಲೇ ತೋರಸೋ ಮಾರಾಯಾ. ಜಗಳಿಲ್ದ ಕುಂತು ನೋಡಾಕ ಒಂದರ ಆತು.”

ಈ ಉತ್ತರ ಒಯ್ದ ಪ್ರಕಾಶನಿಗೆ ಗುರುಗಳು ರೀಲು ಕೊಟ್ಟರು, ಆದರೆ ನೋಡುತ್ತೇವೆಂದು ಹೇಳಿದ ಪ್ರೇಕ್ಷಕರಿಗೇ ತೋರಿಸಬೇಕೆಂಬ ಷರತ್ತು ಹಾಕಿದರು. ಲೋಂಡಾದಲ್ಲಿ ಎಮ್ಮೆ ಕ್ರಮವಾಗಿ ಕಳೆದು ಕ್ರಮವಾಗಿ ಸಿಕ್ಕಿತು. ಒಂದು ಸಂಜೆ ಖಾನಾಪುರದ ಶಾಲೆಯ ಅಂಗಳದಲ್ಲಿ ಪರದೆ ಕಟ್ಟಿದರು. ಚಹಾದಂಗಡಿಯ ಮಂದಿಯೆಲ್ಲ ಸಂಸಾರ ಸಮೇತ ಬಂದಿದ್ದರು. ಕನ್ನಡದವರು, ಮರಾಠಿಯವರು, ಗೌಸಸಾಬರ ಮನೆಯವರು ಒಂದೇ ಜಮಖಾನೆಯ ಮೇಲೆ ಕೂತಿದ್ದರು. ಪರೀಕ್ಷಿಸಲು ಬಂದಿದ್ದ ಗುರುಗಳೂ ಒಂದು ಮೂಲೆಯಲ್ಲಿ ಕೂತು ಎಲ್ಲ ನೋಡುತ್ತಿದ್ದರು. ಚಿತ್ರ ಆಗಲೇ ಶುರುವಾಗಬೇಕಿತ್ತು. ಆದರೆ ಇಷ್ಟು ಜನರನ್ನು ಒಟ್ಟಿಗೆ ಕಂಡ ಪತ್ರಕರ್ತ ಸುಮ್ಮನಿರಲು ಹೇಗೆ ಸಾಧ್ಯ? ಪ್ರಾಸ್ತಾವಿಕವಾಗಿ ಎರಡು ಮಾತು ಹೇಳುವೆನೆಂದು ನಾನು ಎದ್ದೆ.

“ಮಾನ್ಯ ನಾಗರಿಕರೇ,” ಎಂದೆ.

“ಮರಾಠೀತ ಬೋಲಾ,” ಎಂದಿತು ಎಡಗಡೆ.

“ಯಾಕ? ಕನ್ನಡದಾಗ ಸುರು ಮಾಡ್ಯಾರ, ಕನ್ನಡದಾಗ ಮುಗಸ್ಲಿ,” ಎಂದಿತು ಬಲಗಡೆ.

ಸಮತೋಲ ನಮ್ಮ ವೃತ್ತಿಧರ್ಮ. ಅರ್ಧ ಭಾಷಣ ಮರಾಠಿಯಲ್ಲಿ ಮಾಡಿದೆ. ನನ್ನ ಮರಾಠಿ ಕೇಳಿ ಎಡಗಡೆಯವರಿಗೆ ಅವಮಾನವಾಯಿತು, ಬಲಗಡೆಯವರಿಗೆ ಸಿಟ್ಟು ಬಂತು. ಜಮಖಾನೆಯ ನಡುವೆ ದಾರಿ ಬಿತ್ತು. ಕೆಲವರು ಚಪ್ಪಲಿ ಹುಡುಕತೊಡಗಿದರು. ಪ್ರಕಾಶನ ಮುಖ ಸಿಮೆಂಟಿನ ಬಣ್ಣಕ್ಕೆ ತಿರುಗಿತ್ತು. ಆಗ ಪಟಕಾದ ಹಿರಿಯರು ಎದ್ದು, “ಸಾಹೇಬ್ರ, ನೀವು ಕುಂದರ್ರಿ. ಎಮ್ಮಿ ಹೇಳತೈತಿ,” ಎಂದರು.

ಅಂಗಳವೆಲ್ಲ ನಕ್ಕಿತು. ಕುಳಿತೆ. ಚಿತ್ರ ಮುಗಿಯುವವರೆಗೆ ಯಾರೂ ಅಲುಗಲಿಲ್ಲ. ಎಮ್ಮೆ ಸಿಕ್ಕಾಗ ಎಡಗಡೆ, ಬಲಗಡೆ ಎರಡೂ ಚಪ್ಪಾಳೆ ತಟ್ಟಿದವು. ಪ್ರಕಾಶ ಪಾಸಾದ.

ಮರುದಿನದ ಪತ್ರಿಕೆಗೆ ವರದಿ ಬರೆದವನು ನಾನೇ. ಪ್ರದರ್ಶನ ಸೌಹಾರ್ದದಿಂದ ನಡೆಯಿತೆಂದು ಬರೆದೆ. ಆರಂಭದಲ್ಲಿ ಪತ್ರಕರ್ತರೊಬ್ಬರು ಮಾತನಾಡಿದರು ಎಂಬ ಸಾಲೂ ಇತ್ತು. ಅದನ್ನು ಜನ ಓದುವುದಿಲ್ಲವೆಂದು ಹೊಡೆದುಹಾಕಿದೆ.