ನಾಲ್ಕನೆಯ ಜಾಡಿ

ಜಾಡಿಗಳು ಗಾಜಿನವಾಗಿದ್ದದ್ದೇ ತಪ್ಪಾಯಿತು. ಕೀತ್ ಪಿಕರ್ಸ್‌ಗಿಲ್ ಅವನ್ನು ಮೂಲೆಯ ಮೀನಿನಂಗಡಿಯಿಂದ ಬೇಡಿ ತಂದಿದ್ದ. ಎಷ್ಟು ತೊಳೆದರೂ ಅವುಗಳಲ್ಲಿ ಹಿಂದೆ ಇದ್ದ ಉಪ್ಪಿನಕಾಯಿಯ ವಿನೆಗರಿನ ವಾಸನೆ ಹೋಗಿರಲಿಲ್ಲ. ತಗಡಿನ ಡಬ್ಬಿ ತಂದಿದ್ದರೆ ಅವನ ಶನಿವಾರವಾದರೂ ಉಳಿಯುತ್ತಿತ್ತು.

ಥಾರ್ನ್‌ವಿಕ್ ಊರಿನ ಆರೋಗ್ಯ ಮಂಡಳಿಯಲ್ಲಿ ಕೀತ್ ಗುಮಾಸ್ತನಿಗಿಂತ ತುಸು ಮೇಲು, ಅಧಿಕಾರಿಗಿಂತ ಬಹಳ ಕೆಳಗು. ಸರಕಾರ ಕೊಟ್ಟ ಹಣವನ್ನು ಯಾವ ಚಿಕಿತ್ಸೆಗೆ ಎಷ್ಟೆಂದು ಹಂಚುವುದು ಮಂಡಳಿಯ ಕೆಲಸ. ಈ ವರ್ಷ ಬಂದದ್ದು ಮೂರು ಕ್ಲಿನಿಕ್ಕಿಗೆ ಸಾಲುವಷ್ಟು, ಊರಲ್ಲಿದ್ದದ್ದು ನಾಲ್ಕು. ಒಂದನ್ನು ಮುಚ್ಚಿದ ಪಾಪ ತನಗೆ ಬೇಡವೆಂದು ಮಂಡಳಿ ಅದನ್ನು ಊರಿನ ತಲೆಗೇ ಕಟ್ಟಿತು. ಚರ್ಚಿನ ಸಭಾಂಗಣಕ್ಕೆ ಬಂದವರಿಗೆಲ್ಲ ಹತ್ತು ಹತ್ತು ಒಣ ಬಟಾಣಿ; ಇಷ್ಟಬಂದ ಜಾಡಿಗೆ ಹಾಕಬಹುದು. ಒಂದು ಮಕ್ಕಳ ಹಲ್ಲಿಗೆ, ಒಂದು ಕಿವಿಗೆ, ಒಂದು ಮಂಡಿನೋವಿಗೆ, ನಾಲ್ಕನೆಯದು ಮೂತ್ರದ ತೊಂದರೆಗೆ. ಯಾವ ಜಾಡಿಗೆ ಬಟಾಣಿ ಕಡಿಮೆಯೋ ಆ ಕ್ಲಿನಿಕ್ ಮುಂದಿನ ವಾರವೇ ಬಾಗಿಲು ಹಾಕುತ್ತದೆ.

ನಾಲ್ಕನೆಯ ಕ್ಲಿನಿಕ್ಕಿನಲ್ಲಿ ಬರುವ ಗುರುವಾರ ಕೀತನ ಸರದಿ. ಚಳಿಗಾಲ ಪೂರ್ತಿ ಕಾದು ಸಿಕ್ಕಿದ ಸರದಿ. ಒಂದು ಸಿನಿಮಾವನ್ನು ಕೊನೆಯವರೆಗೆ ನೋಡಿ ಅವನಿಗೆ ಎರಡು ವರ್ಷವಾಗಿತ್ತು. ಈ ಸಂಗತಿ ಗೊತ್ತಿದ್ದದ್ದು ಅಲ್ಲಿನ ನರ್ಸಿಗೆ ಮಾತ್ರ. ಹೆಂಡತಿಗೆ, ತನಗೆ ರಾತ್ರಿ ಕಿಟಕಿಯಿಂದ ನಕ್ಷತ್ರ ನೋಡುವ ಹವ್ಯಾಸವೆಂದು ಹೇಳಿದ್ದ.

ಮಧ್ಯಾಹ್ನದ ಹೊತ್ತಿಗೆ ಹಲ್ಲಿನ ಜಾಡಿ ಕುತ್ತಿಗೆವರೆಗೆ ಬಂದಿತ್ತು. ಕಿವಿಗೂ ಮಂಡಿಗೂ ಸಾಕಷ್ಟು ಬಿದ್ದಿದ್ದವು. ನಾಲ್ಕನೆಯದು ಶೋಕೇಸಿನಲ್ಲಿಟ್ಟ ಹಾಗೆ ಖಾಲಿ ಹೊಳೆಯುತ್ತಿತ್ತು.

ಯಾರಿಗೂ ದ್ವೇಷವಿರಲಿಲ್ಲ. ನೂರು ಕಣ್ಣುಗಳೆದುರು ಗಾಜಿನ ತಳಕ್ಕೆ ಟಣ್ಣೆಂದು ಬೀಳುವ ಮೊದಲ ಬಟಾಣಿ ತಮ್ಮದಾಗಬಾರದು, ಅಷ್ಟೆ. ಕಸಾಯಿ ರಾಯ್ ಒಮ್ಮೆ ಕೈ ಮುಂದೆ ಮಾಡಿ, ಹಿಂದಿನಿಂದ ಯಾರೋ ಕೆಮ್ಮಿದ್ದಕ್ಕೆ ಬೆಂಕಿ ಮುಟ್ಟಿದವನಂತೆ ಕೈ ಎಳೆದುಕೊಂಡ. ಅಷ್ಟರಲ್ಲಿ ಒಂದು ಬಟಾಣಿ ಬಿದ್ದೇ ಬಿಟ್ಟಿತ್ತು. ಸಕ್ಕರೆ ಬಟ್ಟಲಿನ ಚಿಮಟ ತಂದು ಅದನ್ನು ಹೊರಗೆ ತೆಗೆದ.

"ಕೈ ಜಾರ್ತು. ನಂಗೇನೂ ಇಲ್ಲಪ್ಪ, ನಲವತ್ತು ವರ್ಷದಿಂದ ಕಲ್ಲಿದ್ದಂಗಿದೀನಿ," ಎಂದ, ಯಾರೂ ಕೇಳದಿದ್ದರೂ.

"ಇದ್ರೆ ಇರ್ಲಿ ಬಿಡು, ಅದರಲ್ಲೇನಿದೆ," ಎಂದ ಕೀತ್, ಆಸೆಯಿಂದ.

"ಇಲ್ಲ ಅಂದ್ನಲ್ಲ ಮಾರಾಯ."

ಕೀತ್ ಉಪಾಯ ಹೂಡಿದ. ಜಾಡಿಯನ್ನು ಟೀ ಮೇಜಿನ ಪಕ್ಕಕ್ಕೆ ಸರಿಸಿದ. ಜನ ಹಿಂಡಿದ ಟೀ ಚೀಲಗಳನ್ನು ಅದರೊಳಗೆ ಹಾಕಿದರು. ತೊಳೆದು ತಂದು ಮೂಲೆಯ ಕುಂಡದ ಹಿಂದಿಟ್ಟ. ಅಲ್ಲಿಗೆ ಯಾರೂ ಹೋಗಲೇ ಇಲ್ಲ. ಮಂಡಳಿಯವರು ಬಟಾಣಿ ಹಾಕುವಂತಿರಲಿಲ್ಲ. ಆದರೂ ಕೊನೆಗೆ ಅಡಿಗೆಮನೆಯ ಚೀಲದಿಂದ ಒಂದು ಮುಷ್ಟಿ ಎತ್ತಿಕೊಂಡು, ಕುಂಡಕ್ಕೆ ನೀರು ಹಾಕುವವನಂತೆ ಬಗ್ಗಿದ.

"ಏನ್ ಕಂದಾ ಮಾಡ್ತಿದೀಯ?"

ಪಕ್ಕದ ಮನೆಯ ಡೋರೀನ್. ಎಂಬತ್ತರ ಹೆಂಗಸು, ಬೀದಿಯಲ್ಲಿ ಯಾರ ಮನೆಯ ದೀಪ ಎಷ್ಟು ಹೊತ್ತಿಗೆ ಹತ್ತಿತೆಂದು ಅವಳಿಗೆ ಗೊತ್ತು. ಬೆದರಿದ ಕೀತನ ಬೆರಳು ಸಡಿಲಿ ಬಟಾಣಿಯೆಲ್ಲ ನೆಲಕ್ಕೆ ಚೆಲ್ಲಿದವು. ಪಾದ್ರಿಗಳು ಅದರ ಮೇಲೆ ಕಾಲಿಟ್ಟು, ಹಿಮದ ಮೇಲಿನ ಹಸುವಿನ ಹಾಗೆ ಸಭಾಂಗಣದ ಉದ್ದಕ್ಕೂ ಜಾರಿ, ಪಿಯಾನೋ ಹಿಡಿದು ನಿಂತರು.

"ಲೆಕ್ಕ ನೋಡ್ತಿದ್ದೆ ಡೋರೀನಮ್ಮ."

"ಖಾಲಿ ಜಾಡೀಲಿ ಎಂಥ ಲೆಕ್ಕ," ಎಂದಳು. ಆಮೇಲೆ ಬಹಳ ಹೊತ್ತು ಜಾಡಿಯನ್ನೇ ನೋಡಿ, "ಪಾಪ, ಯಾರ್ಯಾರಿಗಿದೆಯೋ," ಎಂದು ತನ್ನ ಹತ್ತೂ ಬಟಾಣಿಯನ್ನು ಮಕ್ಕಳ ಹಲ್ಲಿಗೆ ಹಾಕಿ ಬಂದಳು. ಅವಳಿಗೆ ಮೊಮ್ಮಕ್ಕಳಿರಲಿಲ್ಲ.

ಆಗ ಕೀತನಿಗೆ ಹೊಳೆಯಿತು. ವೇದಿಕೆಯ ಮೇಲೆ ಕ್ರಿಸ್‌ಮಸ್ ನಾಟಕದ ಹಳೆಯ ಕೆಂಪು ಪರದೆ ಇತ್ತು. ಅವನು ನಾಲ್ಕೂ ಜಾಡಿಗಳನ್ನು ಬರಿದು ಮಾಡಿ, ಅದರ ಹಿಂದೆ ಜೋಡಿಸಿ, ಮಂಡಳಿಯ ಅಧ್ಯಕ್ಷೆ ಮಿಸೆಸ್ ಬ್ರೇತ್‌ವೇಟ್ ಬಳಿಗೆ ಹೋದ.

"ಮೇಡಂ, ಬಟಾಣಿ ಚೆಲ್ಲಿ ಲೆಕ್ಕ ಕೆಟ್ಟಿದೆ. ಮೊದಲಿಂದ ಹಾಕಿಸ್ಬೇಕು. ಒಬ್ಬೊಬ್ಬರಾಗಿ ಪರದೆ ಹಿಂದೆ ಹೋದ್ರೆ ನೂಕುನುಗ್ಗಲು ಇರಲ್ಲ."

ಸಭಾಂಗಣದಲ್ಲಿ ನೂಕುನುಗ್ಗಲು ಎಂಬುದೇ ಇರಲಿಲ್ಲ. ಅಲ್ಲಿನ ಜನ ಬಾಗಿಲಲ್ಲಿ ಎದುರಾದರೆ "ಮೊದಲು ನೀವು" ಎನ್ನುತ್ತ ಇಬ್ಬರೂ ಹೊರಗೇ ಉಳಿಯುವವರು. ಆದರೂ ಅಧ್ಯಕ್ಷೆ ದಣಿದಿದ್ದಳು. "ಏನಾದ್ರೂ ಮಾಡಿ ಮುಗಿಸಪ್ಪ," ಎಂದಳು.

ಜನ ಮತ್ತೆ ಹತ್ತು ಹತ್ತು ಬಟಾಣಿ ಹಿಡಿದು ಸಾಲು ನಿಂತರು. ಪರದೆಯ ಹಿಂದೆ ಹೋದವರು ಬೇಗ ಬರಲಿಲ್ಲ; ಬಂದವರು ಯಾರ ಮುಖವನ್ನೂ ನೋಡಲಿಲ್ಲ. ಕೊನೆಯವಳು ಇಳಿದ ಮೇಲೆ ಕೀತ್ ಪರದೆ ಎಳೆದ.

ಹಲ್ಲು, ಕಿವಿ, ಮಂಡಿಯ ಜಾಡಿಗಳಲ್ಲಿ ತಳ ಮುಚ್ಚುವಷ್ಟೇ ಇತ್ತು. ನಾಲ್ಕನೆಯ ಜಾಡಿ ತುಂಬಿ, ಉಕ್ಕಿ, ಮೇಜಿನ ಮೇಲೆ ಗುಡ್ಡೆಯಾಗಿ, ಅಲ್ಲಿಂದ ಒಂದೊಂದೇ ಬಟಾಣಿ ಮೆಟ್ಟಿಲಿಳಿದು ಬರುತ್ತಿತ್ತು.

ಎಲ್ಲರೂ ತಮ್ಮ ತಮ್ಮ ಬೂಟು ನೋಡಿಕೊಂಡರು. ಕೀತನಿಗೆ ಸಂತೋಷಕ್ಕೆ ಕಣ್ಣಲ್ಲಿ ನೀರು ಬಂತು. ಆ ಹೊತ್ತಿಗೇ ಇನ್ನೊಂದು ತುರ್ತೂ ಬಂತು. "ಒಂದು ಫೋನ್ ಮಾಡ್ಬೇಕು," ಎಂದು ಗೊಣಗಿ ಹಿಂದಿನ ಬಾಗಿಲಿನಿಂದ ಓಡಿದ.

ಅವನು ಮರಳಿ ಬಂದಾಗ ಸಭಾಂಗಣ ಮದುವೆ ಮನೆಯಾಗಿತ್ತು. ರಾಯ್ ಪಾದ್ರಿಗಳ ಹೆಗಲ ಮೇಲೆ ಕೈ ಹಾಕಿ, "ನಿಮಗೂನಾ ಫಾದರ್? ಅದಕ್ಕೇ ಪ್ರವಚನ ಅಷ್ಟು ಚಿಕ್ಕದು," ಎನ್ನುತ್ತಿದ್ದ. ಹೆಂಗಸರು ಯಾವ ಯಾವ ಅಂಗಡಿಯವರು ತಮ್ಮ ಶೌಚಾಲಯಕ್ಕೆ ಬಿಡುತ್ತಾರೆಂದು ಹೇಳಿಕೊಳ್ಳುತ್ತಿದ್ದರು.

ಮಿಸೆಸ್ ಬ್ರೇತ್‌ವೇಟ್ ಅವನ ಕೈ ಹಿಡಿದಳು. "ಬಂದ್ಯಾ ಕೀತ್. ಒಳ್ಳೇದಾಯ್ತು. 'ನಂಗೂ ಇದೆ' ಅಂತ ರಾಯ್ ಮೊದಲು ಕೈ ಎತ್ತಿದ. ಆಮೇಲೆ ಎಲ್ರೂ. ನಾನೂ," ಎಂದು ತುಸು ಕೆಂಪಾದಳು. "ಕ್ಲಿನಿಕ್ ಉಳೀತು. ಆದ್ರೆ ಊರಿಗೆ ಊರೇ ಹೆಸರು ಬರೆಸೋಕೆ ನಿಂತಿದೆ. ಇದ್ದ ಸರದಿಯೆಲ್ಲ ರದ್ದು ಮಾಡಿ, ಯಾರ ಕಷ್ಟ ಹೆಚ್ಚು ಅಂತ ನೋಡಿ ಹೊಸದಾಗಿ ಹಂಚ್ಬೇಕು. ಹಂಚೋನಿಗೆ ಮಾತ್ರ ಆ ತೊಂದರೆ ಇರ್ಬಾರದು, ಗೊತ್ತಲ್ಲ ನಮ್ಮ ನಿಯಮ. ಇಡೀ ಸಭೇಲಿ ಕೈ ಎತ್ತದೆ ಇದ್ದವನು ನೀನೊಬ್ನೇ."

"ಮೇಡಂ, ನಾನು ಹೊರಗೆ—"

"ಸಂಕೋಚ ಬೇಡಪ್ಪ. ಆರೋಗ್ಯವಾಗಿರೋದು ತಪ್ಪಲ್ಲ."

ಜನ ಚಪ್ಪಾಳೆ ತಟ್ಟಿದರು. "ಪುಣ್ಯವಂತ," ಎಂದ ರಾಯ್, ನಿಜವಾದ ಅಸೂಯೆಯಿಂದ. ಕೀತ್ ಬಾಯಿ ತೆರೆದ. ಈಗ 'ನನಗೂ ಇದೆ' ಎಂದರೆ ಸಾಲಿನಲ್ಲಿ ಮುಂದೆ ನುಗ್ಗಿದಂತೆ. ಥಾರ್ನ್‌ವಿಕ್‌ನಲ್ಲಿ ಕೊಲೆ ಮಾಡಿದವನನ್ನು ಕ್ಷಮಿಸಿದ್ದುಂಟು, ಸಾಲು ಮುರಿದವನನ್ನಲ್ಲ. ಅವನು ಬಾಯಿ ಮುಚ್ಚಿ ಮೇಜಿನ ಹಿಂದೆ ಕೂತ.

ಮೊದಲು ಬಂದವಳು ಡೋರೀನ್. ಅವಳ ಕಷ್ಟಕ್ಕೆ ಹೆಚ್ಚು ಅಂಕ ಬಿತ್ತು.

"ಗುರುವಾರ ಆಗುತ್ತಾ ಡೋರೀನಮ್ಮ?"

"ಇಷ್ಟು ಬೇಗ ಸಿಕ್ತಾ? ಯಾರದೋ ಸರದಿ ಕಿತ್ತುಕೊಂಡಂಗಾಯ್ತಲ್ಲ ಕಂದಾ."

"ಅವರೇ ಬಿಟ್ಟುಕೊಟ್ರು."

"ಗುಣ ಆಗಿರ್ಬೇಕು, ಪಾಪ."

"ಆಗಿರ್ಬೇಕು," ಎಂದ ಕೀತ್, ಮೇಜಿನ ಕೆಳಗೆ ಕಾಲ ಮೇಲೆ ಕಾಲು ಬಿಗಿದುಕೊಂಡು. ಸಾಲು ಬಾಗಿಲು ದಾಟಿ, ಬೀದಿ ದಾಟಿ, ಬಸ್ ನಿಲ್ದಾಣದವರೆಗೆ ಬೆಳೆದಿತ್ತು.